ನೆಟ್ಟ ಸಸಿಗೆ ಲೆಕ್ಕ ಇದೆ, ನಿಂತ ಮರಕ್ಕೂ ಒಂದು ಲೆಕ್ಕ ಬೇಕು

ವಿಜಯಪುರದ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ, ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರಿಗೆ, ಅರಣ್ಯ ಇಲಾಖೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಮತ್ತು ನಮ್ಮ ಊರಿನ ಎಲ್ಲ ಹಿರಿಯರಿಗೆ, ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ,

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ, ನೇರವಾಗಿ ಕೇಳುತ್ತೇನೆ. ಊರಿನ ಸುತ್ತ ಎದ್ದಿರುವ ಬಡಾವಣೆಗಳಲ್ಲಿ ಈಗ ನಿಂತಿರುವ ಮರಗಳನ್ನು ಎಣಿಸಿ, ಬರೆದಿಡಿ. ಅವುಗಳಲ್ಲಿ ಒಂದನ್ನು ಕಡಿಯಲು ಅನುಮತಿ ಕೊಡುವ ಮೊದಲು ಆ ಓಣಿಯ ಜನಕ್ಕೆ ತಿಳಿಸಿ. ನನ್ನ ಬೇಡಿಕೆ ಇಷ್ಟೇ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಬೇಕಾದ ಕಾಯ್ದೆ 1976ರಿಂದಲೇ ಇದೆ.

ಮರದ ವಿಷಯದಲ್ಲಿ ಈ ಜಿಲ್ಲೆ ಏನೂ ಮಾಡಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ರಾಜ್ಯದಲ್ಲಿ ತೀರಾ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಂದರೆ ಬಂತು. ಅಂಥ ನೆಲದಲ್ಲಿ ಕೋಟಿ ವೃಕ್ಷ ಅಭಿಯಾನ ನಡೆಯಿತು. ಎಂ.ಬಿ. ಪಾಟೀಲರು ಮುಂದೆ ನಿಂತರು. ಶಾಲೆ ಮಕ್ಕಳು, ರೈತರು, ಸಂಘ ಸಂಸ್ಥೆಗಳು ಕೈ ಹಚ್ಚಿದರು. ಭೂತನಾಳ ಕೆರೆಯ ಪಕ್ಕ, ಕರಾಡದೊಡ್ಡಿ, ಮಮದಾಪುರದ ಕಡೆ ಹೋಗಿ ನೋಡಿದವರಿಗೆ ಆ ದುಡಿಮೆ ಕಣ್ಣಿಗೆ ಕಾಣುತ್ತದೆ. ವೃಕ್ಷೋಥಾನ್ ಓಟಕ್ಕೆ ಸಾವಿರಾರು ಜನ ಸೇರುತ್ತಾರೆ. ಒಣ ಜಿಲ್ಲೆಯೊಂದು ಹಸಿರಿಗಾಗಿ ಬೀದಿಗಿಳಿದು ಓಡುವುದು ಸಣ್ಣ ಮಾತಲ್ಲ. ಇದರ ಬಗ್ಗೆ ನನಗೆ ಹೆಮ್ಮೆ ಇದೆ.

ಆದರೆ ಆ ಕಡೆ ಸಸಿ ನೆಡುವಾಗ ಈ ಕಡೆ ಏನಾಗುತ್ತಿದೆ ನೋಡಿ. ಸೋಲಾಪುರ ರಸ್ತೆ, ಅಥಣಿ ರಸ್ತೆ, ಇಂಡಿ ರಸ್ತೆ, ಮನಗೂಳಿ ರಸ್ತೆ, ತೊರವಿ ಕಡೆ, ಎತ್ತ ಹೋದರೂ ಹೊಲಗಳು ಪ್ಲಾಟ್ ಆಗುತ್ತಿವೆ. ಊರು ಬೆಳೆಯಬೇಕು, ಜನಕ್ಕೆ ಮನೆ ಬೇಕು. ನಾನೂ ಅಂಥದೇ ಒಂದು ಬಡಾವಣೆಯಲ್ಲಿ, ಹಿಂದೆ ಜೋಳ ಬೆಳೆಯುತ್ತಿದ್ದ ಎರೆ ಭೂಮಿಯ ಮೇಲೆ ಮನೆ ಕಟ್ಟಿಕೊಂಡವನು. ಬೆಳೆಯಬೇಡಿ ಅಂತ ಹೇಳಲು ನನಗೆ ಹಕ್ಕಿಲ್ಲ. ನಾನು ಕೇಳುತ್ತಿರುವುದು ಆ ಹೊಲದಲ್ಲಿ ಮೊದಲಿನಿಂದ ಇದ್ದ ಮರಗಳ ಬಗ್ಗೆ.

ನಮ್ಮ ಕಡೆಯ ಹೊಲದ ಮರಗಳು ಸುಮ್ನೆ ಬೆಳೆದು ನಿಂತವಲ್ಲ. ಒಂದೊಂದಕ್ಕೂ ಒಂದು ಕಾರಣ ಇತ್ತು. ಬದುವಿನ ಮೇಲೆ ಬೇವು, ಮಧ್ಯಾಹ್ನ ಬುತ್ತಿ ಬಿಚ್ಚಲು, ಎತ್ತು ಕಟ್ಟಲು, ಕಾಳಿಗೆ ಹುಳ ಹತ್ತದಂತೆ ಎಲೆ ಹಾಕಲು. ಕುಂಟೆ ಕೂರಿಗೆಗೆ ಜಾಲಿ. ಬಾವಿ ಪಕ್ಕ ಅತ್ತಿ. ಊರ ಹಾದಿಗೆ ಹುಣಸೆ. ಇನ್ನು ಬನ್ನಿಯ ಮಾತೇ ಬೇರೆ. ಎಳ್ಳಮಾವಾಸ್ಯೆ ದಿನ ಹೊಲಕ್ಕೆ ಹೋಗಿ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲೇ ಕೂತು ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡವರು ನಾವು. ದಸರೆಗೆ ಅದೇ ಎಲೆ ಕೈಗಿಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಅಂತ ಹೇಳಿ ಹಿರಿಯರ ಕಾಲು ಮುಟ್ಟುತ್ತೇವೆ. ಕಾರಹುಣ್ಣಿಮೆಗೆ ನಮ್ಮ ಅಕ್ಕ ತಂಗಿಯರು ಆಲದ ಮರಕ್ಕೆ ನೂಲು ಸುತ್ತುತ್ತಾರೆ. ಈಗ ಹೊಸ ಬಡಾವಣೆಗಳಲ್ಲಿ ನೂಲು ಸುತ್ತಲು ಆಲ ಹುಡುಕಿಕೊಂಡು ದೂರ ಹೋಗಬೇಕು. ಕೆಲವರು ಆಲದ ಟೊಂಗೆ ಕಡಿದು ತಂದು ಮನೆಯಲ್ಲೇ ಪೂಜೆ ಮುಗಿಸುತ್ತಾರೆ.

ಹೊಲ ಎನ್‌ಎ, ಅಂದರೆ ಕೃಷಿಯೇತರ ಜಮೀನು, ಆದ ಮೇಲೆ ಮೊದಲು ಬರುವುದು ಜೆಸಿಬಿ. ಬದು ಹೋಗುತ್ತದೆ, ಬದುವಿನ ಜೊತೆ ಮರ ಹೋಗುತ್ತದೆ. ಎರಡು ದಿನದ ಕೆಲಸ. ಆಮೇಲೆ ರಸ್ತೆಗೆ ಗುರುತು ಹಾಕಿ, ಕಲ್ಲು ನೆಟ್ಟು, “ಪ್ರಕೃತಿಯ ಮಡಿಲಲ್ಲಿ ನಿಮ್ಮ ಕನಸಿನ ಮನೆ” ಅಂತ ಬೋರ್ಡ್ ಹಾಕುತ್ತಾರೆ. ಆ ಬೋರ್ಡ್ ಓದುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಒಂದು ವಿಷಯ ಗಮನಿಸಿ. ಹೊಲದ ಉತಾರ (ಪಹಣಿ) ತೆಗೆದು ನೋಡಿದರೆ ಅದರಲ್ಲಿ ಮರಗಳಿಗೆ ಒಂದು ಕಾಲಂ ಇದೆ. ಯಾವ ಮರ, ಎಷ್ಟು ಅಂತ ಬರೆಯಲು ಜಾಗ ಇದೆ. ಅಂದರೆ ನಮ್ಮ ಕಂದಾಯ ವ್ಯವಸ್ಥೆಗೆ ಮರ ಆಸ್ತಿಯ ಭಾಗ ಅನ್ನುವುದು ಗೊತ್ತಿತ್ತು. ಅದೇ ಜಮೀನು ಪ್ಲಾಟ್ ಆದಾಗ ಉದ್ದ, ಅಗಲ, ದಿಕ್ಕು, ಚಕ್ಕುಬಂದಿ ಎಲ್ಲ ಬರುತ್ತದೆ, ಮರ ಬರುವುದಿಲ್ಲ. ಕಾಗದದಲ್ಲಿ ಇಲ್ಲದ್ದು ಸ್ವಲ್ಪ ದಿನಕ್ಕೆ ನೆಲದ ಮೇಲೂ ಇಲ್ಲದಂತಾಗುತ್ತದೆ. ನನ್ನ ಇಡೀ ಪತ್ರದ ಹಿಂದಿರುವ ಚಿಂತೆ ಇದೇ.

ಈಗ ಕಾಯ್ದೆಗೆ ಬರೋಣ. ಬಹಳ ಜನಕ್ಕೆ ಗೊತ್ತಿಲ್ಲದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಧಿಕಾರಿಗಳು ತಾಳ್ಮೆಯಿಂದ ಓದಬೇಕು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ಅದರ ನಿಯಮಗಳು 1977ರಲ್ಲಿ. ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರನ್ನು ವೃಕ್ಷ ಅಧಿಕಾರಿ ಅಂತ ನೇಮಿಸಬೇಕು, ಅವರ ಮೇಲೆ ವೃಕ್ಷ ಪ್ರಾಧಿಕಾರ ಇರಬೇಕು ಅನ್ನುತ್ತದೆ ಕಾಯ್ದೆ. ಸೆಕ್ಷನ್ 8ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಯಾರೂ ಮರ ಕಡಿಯುವಂತಿಲ್ಲ. ಮರ ರಸ್ತೆ ಬದಿಯಲ್ಲಿರಲಿ, ನಿಮ್ಮ ಸ್ವಂತ ಕಾಂಪೌಂಡಿನ ಒಳಗಿರಲಿ, ಮಾತು ಒಂದೇ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ನಮ್ಮ ಬೇವು, ಆಲ, ಅರಳಿ ಆ ಪಟ್ಟಿಯಲ್ಲಿಲ್ಲ. ಬುಡದಿಂದ ಕೊಯ್ದರೆ ಮಾತ್ರ ತಪ್ಪು ಅಂತಲೂ ಇಲ್ಲ. ಸುಡುವುದು, ಬೇರೆ ರೀತಿಯಲ್ಲಿ ಹಾನಿ ಮಾಡುವುದೂ ಕಾಯ್ದೆಯ ಲೆಕ್ಕದಲ್ಲಿ ಕಡಿದಂತೆಯೇ.

“ನಮ್ಮ ಜಾಗಾ, ನಮ್ಮ ಗಿಡ, ಕೇಳಾಕ ನೀವ್ಯಾರ್ರೀ?” ಈ ಮಾತನ್ನು ನಮ್ಮ ಬಡಾವಣೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಮನೆ ಕಟ್ಟಲು ಪರವಾನಗಿ ಬೇಕು, ನಲ್ಲಿ ಹಾಕಿಸಲು ಅರ್ಜಿ ಬೇಕು ಅಂತ ಗೊತ್ತಿರುವವರಿಗೆ ಇದು ಯಾಕೆ ಗೊತ್ತಿಲ್ಲ? ಒಂದಕ್ಕೆ ಕಚೇರಿಯಲ್ಲಿ ಕೌಂಟರ್ ಇದೆ, ರಸೀದಿ ಇದೆ. ಇನ್ನೊಂದು ಕಾಯ್ದೆ ಪುಸ್ತಕದಲ್ಲಷ್ಟೇ ಇದೆ.

ಇದೇ ಕಾಯ್ದೆ ವೃಕ್ಷ ಪ್ರಾಧಿಕಾರಕ್ಕೆ ಕೊಟ್ಟಿರುವ ಕೆಲಸಗಳನ್ನು ಓದಿದರೆ ನನ್ನ ಬೇಡಿಕೆ ಅಲ್ಲೇ ಸಿಗುತ್ತದೆ. ಇರುವ ಮರಗಳ ಗಣತಿ ಮಾಡುವುದು ಅದರ ಕೆಲಸ. ಅಗತ್ಯ ಬಿದ್ದರೆ ಜಾಗದ ಮಾಲೀಕರಿಂದ “ನಮ್ಮಲ್ಲಿ ಇಷ್ಟು ಮರ ಇವೆ” ಅಂತ ಬರೆಸಿಕೊಳ್ಳುವ ಅಧಿಕಾರವೂ ಅದಕ್ಕಿದೆ. ಯಾವ ಬಡಾವಣೆಯಲ್ಲಿ ಎಷ್ಟು ಮರ, ಯಾವ ಜಾತಿಯ ಮರ ಇರಬೇಕು ಅಂತ ಮಾನದಂಡ ಗೊತ್ತು ಮಾಡುವುದೂ ಅದರ ಪಾಲಿಗೇ ಬಂದಿದೆ. ಹೀಗೆ ಬರೆದು ಹತ್ತಿರ ಹತ್ತಿರ ಐವತ್ತು ವರ್ಷ ಆಯಿತು. ಬೆಂಗಳೂರಿನಲ್ಲಿ ಮರಗಣತಿಯ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ನಮ್ಮಲ್ಲಿ ಹಾಗಾಗುವುದು ಬೇಡ. ವಿಜಯಪುರಕ್ಕೆ ವೃಕ್ಷ ಅಧಿಕಾರಿ ಯಾರು, ಅವರ ಕಚೇರಿ ಎಲ್ಲಿ, ಪ್ರಾಧಿಕಾರದ ಸಭೆ ಯಾವಾಗ, ಅಲ್ಲಿ ಏನು ತೀರ್ಮಾನ ಆಯಿತು ಅನ್ನುವುದನ್ನು ಪಾಲಿಕೆಯ ಬಾಗಿಲಲ್ಲೇ ಒಂದು ಬೋರ್ಡ್ ಹಾಕಿ ಬರೆಯಿರಿ. ಎಷ್ಟೋ ಮರ ಆ ಬೋರ್ಡಿನಿಂದಲೇ ಉಳಿಯುತ್ತವೆ ಅಂತ ನಾನು ನಂಬುತ್ತೇನೆ.

ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತು ಇದೆ, ಅದೇ ನಮಗೆ ಸಾಲದಾಗಿದೆ. ರಸ್ತೆ ಅಗಲ ಮಾಡುವಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಕಡಿಯುವುದಿದ್ದರೆ, ಮೊದಲು ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ದೊಡ್ಡ ಯೋಜನೆಗೆ ಇದು ಸರಿ. ಆದರೆ ಹೊರವಲಯದ ಬಡಾವಣೆಯಲ್ಲಿ ಮರ ಒಟ್ಟಿಗೆ ಐವತ್ತು ಹೋಗುವುದಿಲ್ಲ. ಈ ಪ್ಲಾಟಿನಲ್ಲಿ ಒಂದು, ಆ ಮೂಲೆಯಲ್ಲಿ ಎರಡು. ಗಟಾರ ಮಾಡುವಾಗ ಮೂರು, ಕಂಬ ಹಾಕುವಾಗ ಒಂದು. ಯಾವುದಕ್ಕೂ ಪ್ರಕಟಣೆ ಇಲ್ಲ, ಆಕ್ಷೇಪಣೆ ಇಲ್ಲ, ಪೇಪರ್‌ನಲ್ಲಿ ಸುದ್ದಿ ಇಲ್ಲ. ನಾಲ್ಕೈದು ವರ್ಷಕ್ಕೆ ಇಡೀ ಬಡಾವಣೆ ಬೋಳಾಗಿರುತ್ತದೆ. ಕೂಡಿಸಿ ನೋಡಿದರೆ ಐವತ್ತು ಯಾವಾಗಲೋ ದಾಟಿರುತ್ತದೆ, ಆದರೆ ಕೂಡಿಸುವವರೇ ಇಲ್ಲ. ಹೀಗಾಗಿಯೇ ಒಂದು ಮರಕ್ಕೂ ತಿಳಿವಳಿಕೆ ಪತ್ರ ಬೇಕು ಅಂತ ಕೇಳುತ್ತಿದ್ದೇನೆ. ಪೇಪರ್ ಜಾಹೀರಾತು ಬೇಡ. ಅರ್ಜಿ ಬಂದ ಮರಕ್ಕೆ ಒಂದು ಹಾಳೆ ಕಟ್ಟಿ: ಈ ಮರ ಕಡಿಯಲು ಅರ್ಜಿ ಬಂದಿದೆ, ಕಾರಣ ಇದು, ಹೇಳುವುದಿದ್ದರೆ ಇಂಥ ದಿನದೊಳಗೆ ಈ ನಂಬರಿಗೆ ಹೇಳಿ. ಅಷ್ಟು ಸಾಕು.

ಯಾಕೆ ಇಷ್ಟು ಒತ್ತಿ ಕೇಳುತ್ತೇನೆ ಅಂದರೆ, ನಮ್ಮ ಓಣಿಯ ಕೊನೆಗೆ ಒಂದು ಬೇವಿನ ಮರ ಇತ್ತು. ಹಳೆ ಹೊಲದ ಗಡಿಯ ಮೇಲೆ ಬೆಳೆದದ್ದು. ಇಬ್ಬರು ಕೈ ಕೂಡಿಸಿದರೂ ತಬ್ಬಲು ಆಗದಷ್ಟು ದಪ್ಪ. ತರಕಾರಿ ಗಾಡಿಯವರು ಅದರ ಕೆಳಗೇ ನಿಲ್ಲುತ್ತಿದ್ದರು. ಒಂದು ಬೆಳಗ್ಗೆ ನೋಡಿದರೆ ಸೊಂಟದ ಮಟ್ಟದಲ್ಲಿ ಸುತ್ತಲೂ ತೊಗಟೆ ಸುಲಿದಿತ್ತು. ಗೇಣಗಲ, ಪಟ್ಟಿ ಕಟ್ಟಿದ ಹಾಗೆ. ಯಾರು ಮಾಡಿದರು ನನಗೆ ಗೊತ್ತಿಲ್ಲ, ಊಹೆಯಿಂದ ಯಾರ ಹೆಸರನ್ನೂ ಎತ್ತುವುದಿಲ್ಲ. ಎಲೆ ಹಸಿರಾಗೇ ಇತ್ತು, ಹಾಗಾಗಿ “ಏನೂ ಆಗಂಗಿಲ್ಲ ಬಿಡ್ರಿ” ಅಂದರು ಜನ. ಆದರೆ ಮರ ಹಾಗಲ್ಲ. ಬೇರಿನಿಂದ ನೀರು ಒಳಗಿನ ಕಟ್ಟಿಗೆಯ ಮೂಲಕ ಮೇಲೆ ಹೋಗುತ್ತದೆ, ಅದಕ್ಕೇ ಎಲೆ ಹಸಿರಾಗಿರುತ್ತದೆ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಅದನ್ನು ಸುಲಿದರೆ ಬೇರು ಉಪವಾಸ ಬೀಳುತ್ತದೆ. ತಿಂಗಳುಗಟ್ಟಲೆ ಮರ ಜೀವ ಹಿಡಿದು ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಒಣಗುತ್ತದೆ. ಈ ಬೇವೂ ಹಾಗೇ ಒಣಗಿತು. ಯುಗಾದಿಗೆ ಬೇರೆ ಬೇವುಗಳು ಚಿಗುರಿ ಹೂ ಬಿಟ್ಟಾಗ ಇದು ಬರೀ ಟೊಂಗೆ. ಆಮೇಲೆ ಒಣ ಮರ ಅಪಾಯ ಅಂತ ಕಡಿದು ಹಾಕಿದರು.

ಇಲ್ಲಿ ಕಾಯ್ದೆಯ ಒಂದು ಸಡಿಲ ಜಾಗ ಕಾಣುತ್ತದೆ. ಸತ್ತ ಮರ, ರೋಗ ಬಂದ ಮರ, ಗಾಳಿಗೆ ಬಿದ್ದ ಮರ, ಜೀವಕ್ಕೆ ಆಸ್ತಿಗೆ ಅಪಾಯವಾದ ಮರ, ಸಂಚಾರಕ್ಕೆ ಅಡ್ಡಿಯಾದ ಮರ, ಇಂಥವಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅನ್ನುತ್ತದೆ ಸೆಕ್ಷನ್ 8. ನ್ಯಾಯವಾದ ಮಾತೇ. ಮನೆ ಮೇಲೆ ವಾಲಿದ ಮರದ ಕೆಳಗೆ ಮಕ್ಕಳನ್ನು ಮಲಗಿಸಿ ಅಂತ ಯಾರು ಹೇಳುತ್ತಾರೆ? ಆದರೆ ಮೊದಲು ಮರವನ್ನು ಸಾಯಿಸಿ, ಆಮೇಲೆ “ಸತ್ತ ಮರ” ಅಂತ ಅರ್ಜಿ ಹಾಕಿದರೆ? ಇದನ್ನು ತಡೆಯುವ ದಾರಿ ಒಂದೇ. ಅನುಮತಿ ಕೊಡುವ ಮೊದಲು ಬುಡ ನೋಡಿ. ತೊಗಟೆ ಸುಲಿದಿದೆಯಾ, ಬುಡದಲ್ಲಿ ಬೆಂಕಿ ಹಾಕಿದ ಕರಿ ಇದೆಯಾ, ರಂಧ್ರ ಕೊರೆದು ಏನಾದರೂ ಸುರಿದಿದ್ದಾರಾ ಅಂತ ನೋಡಿ ಫೋಟೊ ಇಡಿ. ಸತ್ತಿದೆ ಅಂತ ಬರೆಯುವ ಅಧಿಕಾರಿ ಹೇಗೆ ಸತ್ತಿತು ಅಂತಲೂ ಬರೆಯಲಿ. ಬೇಕಂತಲೇ ಸಾಯಿಸಿದ ಮರಕ್ಕೆ ಅನುಮತಿ ಪತ್ರದ ಬದಲು ಪ್ರಕರಣ ದಾಖಲಾಗಲಿ. ಮರ ಮೊದಲೇ ರಿಜಿಸ್ಟರ್‌ನಲ್ಲಿ ಇದ್ದರೆ, ಹೋದ ವರ್ಷ ಅದು ಗಟ್ಟಿಮುಟ್ಟಾಗಿತ್ತು ಅನ್ನುವುದಕ್ಕೆ ಸಾಕ್ಷಿಯೂ ಸಿಗುತ್ತದೆ.

ಇನ್ನೊಂದು ಚಾಳಿ ಇದೆ. ಕಡಿಯುವುದು ಯಾವಾಗಲೂ ಶನಿವಾರ ಸಂಜೆ, ಭಾನುವಾರ, ಇಲ್ಲಾ ಹಬ್ಬದ ರಜೆಯಲ್ಲಿ. ಮಷಿನ್ ಗರಗಸ ಬರುತ್ತದೆ, ಎರಡು ತಾಸಿನಲ್ಲಿ ಕೆಲಸ ಮುಗಿಯುತ್ತದೆ, ಟ್ರ್ಯಾಕ್ಟರ್ ತುಂಬಿ ಹೋಗುತ್ತದೆ. ಕೇಳಿದರೆ “ಪರ್ಮಿಷನ್ ಐತ್ರಿ” ಅನ್ನುತ್ತಾರೆ. ತೋರಿಸಿ ಅಂದರೆ ಸಾಹೇಬರ ಹತ್ತಿರ ಇದೆ ಅನ್ನುತ್ತಾರೆ. ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಬುಡವೂ ಮಣ್ಣಿನಡಿ ಹೋಗಿರುತ್ತದೆ. ರಜೆ ದಿನ ಮತ್ತು ಕತ್ತಲಾದ ಮೇಲೆ ಮರ ಕಡಿಯುವಂತಿಲ್ಲ ಅಂತ ಪ್ರತಿ ಅನುಮತಿಯಲ್ಲೂ ಒಂದು ಶರತ್ತು ಹಾಕಿ. ಅನುಮತಿ ಪತ್ರದ ಪ್ರತಿ ಸ್ಥಳದಲ್ಲೇ ಇರಬೇಕು ಅಂತ ಇನ್ನೊಂದು. ಈ ಎರಡು ಸಾಲು ಬರೆಯಲು ಖರ್ಚಿಲ್ಲ. ಮೈಸೂರಿನಂಥ ಊರಿನಲ್ಲೇ 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳನ್ನು ರಾತ್ರಿ ಹೊತ್ತಿನಲ್ಲಿ ಕಡಿದು ಹಾಕಿದರು. ಬೆಳಗ್ಗೆ ಎದ್ದು ಜನ ಎಷ್ಟು ಗೋಳಾಡಿದರೂ ಮರ ವಾಪಸ್ ಬರಲಿಲ್ಲ.

ಮರ ಇದ್ದವರ ಕಷ್ಟವೂ ನನಗೆ ಗೊತ್ತು. ಅದನ್ನು ಬಿಟ್ಟು ಈ ಪತ್ರ ಬರೆದರೆ ತಪ್ಪಾಗುತ್ತದೆ. ಮೂವತ್ತು ನಾಲ್ವತ್ತರ ಪ್ಲಾಟು ಸಾಲ ಮಾಡಿ ಕೊಂಡವರು. ನಡುವೆಯೇ ಒಂದು ಹುಣಸೆ ಮರ ಇದ್ದರೆ ಅವರು ಮನೆ ಎಲ್ಲಿ ಕಟ್ಟಬೇಕು? ಬೇರು ಬುನಾದಿಗೆ ಬರುತ್ತದೆ ಅನ್ನುವ ಭಯ, ಎಲೆ ಉದುರಿ ಪಕ್ಕದ ಮನೆಯವರ ಜೊತೆ ಜಗಳ, ತಂತಿಗೆ ಟೊಂಗೆ ತಾಗಿ ಮಳೆಗಾಲ ಪೂರ್ತಿ ಕರೆಂಟ್ ಹೋಗುವುದು. ಈ ತೊಂದರೆ ಎಲ್ಲ ನಿಜ. ಹೊಲದ ರೈತ ತನ್ನ ಒಕ್ಕಲುತನದ ಸಾಮಾನಿಗೆ ಒಂದು ಜಾಲಿ ಕಡಿದರೆ ಅವನ ಮೇಲೆ ಕೇಸು ಹಾಕಿ ಅಂತಲೂ ನಾನು ಹೇಳುವುದಿಲ್ಲ. ಹಳ್ಳಿಯ ಅಂಥ ಅಗತ್ಯಕ್ಕೆ ಕಾಯ್ದೆಯೇ ಜಾಗ ಬಿಟ್ಟಿದೆ. ಪ್ಲಾಟ್ ಕೊಂಡವರ ಕಷ್ಟಕ್ಕೆ ಪರಿಹಾರ ಇರುವುದು ಅವರ ಹತ್ತಿರ ಅಲ್ಲ, ಅವರಿಗಿಂತ ಎರಡು ಹೆಜ್ಜೆ ಹಿಂದೆ, ಬಡಾವಣೆಯ ನಕ್ಷೆ ಬರೆಯುವ ಮೇಜಿನ ಮೇಲೆ.

ಹೇಗೆ ಅಂತ ಹೇಳುತ್ತೇನೆ. ಕೃಷಿ ಜಮೀನು ಎನ್‌ಎ ಆಗುವುದು 1964ರ ಭೂ ಕಂದಾಯ ಕಾಯ್ದೆಯ ಸೆಕ್ಷನ್ 95ರ ಕೆಳಗೆ, ಜಿಲ್ಲಾಧಿಕಾರಿಗಳ ಆದೇಶದಿಂದ. ಆ ಆದೇಶದಲ್ಲಿ ಶರತ್ತುಗಳನ್ನು ಬರೆಯುತ್ತಾರೆ. ಅಲ್ಲೇ ಒಂದು ಶರತ್ತು ಸೇರಲಿ: ಜಮೀನಿನಲ್ಲಿರುವ ಮರಗಳ ಪಟ್ಟಿ ಮತ್ತು ಫೋಟೊ ಕೊಡದೆ ನೆಲ ಸಮ ಮಾಡುವಂತಿಲ್ಲ. ಮುಂದೆ ಲೇಔಟ್ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬರುತ್ತದೆ. ಹೈಟೆನ್ಷನ್ ತಂತಿ, ಹಳ್ಳ, ಗುಡಿ ಎಲ್ಲಿದೆ ಅಂತ ನೋಡುವ ಹಾಗೆ ದೊಡ್ಡ ಮರ ಎಲ್ಲಿದೆ ಅಂತಲೂ ನೋಡಿ. ಉದ್ಯಾನಕ್ಕೆ ಹೇಗೂ ಜಾಗ ಬಿಡಬೇಕಲ್ವಾ? ಈಗ ಏನಾಗುತ್ತದೆ? ಮಾರಾಟಕ್ಕೆ ಬಾರದ ಮೂಲೆಯನ್ನು, ತಗ್ಗು ಜಾಗವನ್ನು ಉದ್ಯಾನ ಅಂತ ತೋರಿಸುತ್ತಾರೆ. ಅಲ್ಲಿ ಹತ್ತು ವರ್ಷ ಜಾಲಿಕಂಟಿ ಬೆಳೆದಿರುತ್ತದೆ. ಅದರ ಬದಲು ಹಳೆಯ ಬೇವು, ಆಲ, ಹುಣಸೆ ಇರುವ ಜಾಗವೇ ಉದ್ಯಾನ ಆಗಲಿ. ಬದುವಿನ ಸಾಲು ಮರ ಇದ್ದರೆ ರಸ್ತೆಯ ಅಂಚು ಅಲ್ಲಿಗೇ ಬರಲಿ. ಬಡಾವಣೆ ಹುಟ್ಟುವ ದಿನವೇ ಅದಕ್ಕೆ ನಲವತ್ತು ವರ್ಷದ ನೆರಳು ಸಿಗುತ್ತದೆ. ಪ್ಲಾಟಿನ ನಡುವೆ ಮರ ಬರುವ ತಂಟೆಯೇ ಇರುವುದಿಲ್ಲ. ಇಷ್ಟಾದ ಮೇಲೂ ಒಂದೆರಡು ಮರ ಹೋಗಲೇಬೇಕಾದರೆ ಹೋಗಲಿ, ಬರೆದಿಟ್ಟು ಹೋಗಲಿ.

ಊರಿನ ಹೊರವಲಯದಲ್ಲಿ ಇನ್ನೊಂದು ತೊಡಕಿದೆ. ಅರ್ಧ ಬಡಾವಣೆ ಪಾಲಿಕೆಯಲ್ಲಿ, ಅರ್ಧ ಗ್ರಾಮ ಪಂಚಾಯಿತಿಯಲ್ಲಿ. ರಸ್ತೆ ಒಬ್ಬರದು, ಗಟಾರ ಇನ್ನೊಬ್ಬರದು, ಕಂಬ ಮತ್ತೊಬ್ಬರದು. ಮರ ಯಾರದು? ಫೋನ್ ಮಾಡಿದರೆ ಅಲ್ಲಿ ಕೇಳಿ, ಇಲ್ಲಿ ಕೇಳಿ ಅನ್ನುವ ಮಾತು ಬರುತ್ತದೆ, ಅಷ್ಟರಲ್ಲಿ ಮರ ನೆಲಕ್ಕೆ ಬಿದ್ದಿರುತ್ತದೆ. ನೀವು ನಾಲ್ವರೂ ಒಂದು ದಿನ ಕೂತು ಯಾವ ರಸ್ತೆಯವರೆಗೆ ಯಾರು ಅಂತ ಗೊತ್ತು ಮಾಡಿ ಪ್ರಕಟಿಸಿದರೆ ಜನಕ್ಕೆ ದೊಡ್ಡ ಉಪಕಾರ.

“ಒಂದು ಕಡಿದರೆ ಹತ್ತು ನೆಡುತ್ತೇವೆ” ಅನ್ನುವ ಮಾತಿಗೂ ಉತ್ತರ ಕೊಡಬೇಕು. ನೆಡಿ, ಬೇಡ ಅನ್ನುವವರು ಯಾರು? ಆದರೆ ಈ ನೆಲದಲ್ಲಿ ಒಂದು ಸಸಿ ಮರ ಆಗುವುದು ಎಷ್ಟು ಕಷ್ಟ ಅಂತ ಕೋಟಿ ವೃಕ್ಷಕ್ಕೆ ದುಡಿದವರನ್ನೇ ಕೇಳಿ. ಗುಂಡಿ ತೋಡಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ, ಆಡು ಕುರಿಯಿಂದ ಕಾದು, ಮೂರು ನಾಲ್ಕು ಬೇಸಿಗೆ ದಾಟಿಸಬೇಕು. ಸರ್ಕಾರಕ್ಕೂ ಇದು ಗೊತ್ತಿದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ದುಡ್ಡು ಕೊಡುವುದು ಸಸಿ ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ. ಮೊದಲ ವರ್ಷ ಬದುಕಿದ್ದರೆ ಗಿಡಕ್ಕೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125. ಮೂರು ವರ್ಷ ಬದುಕಿದ ಗಿಡಕ್ಕೆ ಸರ್ಕಾರವೇ ಇಷ್ಟು ಮರ್ಯಾದೆ ಕೊಡುವಾಗ, ಅರವತ್ತು ಬೇಸಿಗೆ ದಾಟಿ ಬಂದ ಮರವನ್ನು ಲೆಕ್ಕಕ್ಕೇ ಹಿಡಿಯದಿರುವುದು ಸರಿಯಾ? ಸುಪ್ರೀಂ ಕೋರ್ಟ್ ನೇಮಿಸಿದ್ದ ತಜ್ಞರ ಸಮಿತಿಯೊಂದು 2021ರಲ್ಲಿ ಒಂದು ಮರದ ಬೆಲೆಯನ್ನು ವರ್ಷಕ್ಕೆ 74,500 ರೂಪಾಯಿ ಅಂತ ಅಂದಾಜು ಮಾಡಿತ್ತು. ಮಥುರಾ ಬಳಿ ಅನುಮತಿ ಇಲ್ಲದೆ 454 ಮರ ಕಡಿದ ಪ್ರಕರಣದಲ್ಲಿ, 2025ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಮರಕ್ಕೆ ಒಂದು ಲಕ್ಷ ರೂಪಾಯಿಯಂತೆ ದಂಡ ಹಾಕಬೇಕು ಅನ್ನುವ ಶಿಫಾರಸನ್ನು ಒಪ್ಪಿಕೊಂಡಿತು. ಅಲ್ಲಿಯೂ ಮೊದಲು ಬೇಕಾಗಿದ್ದು ಒಂದು ಎಣಿಕೆ. 454 ಅಂತ ಯಾರೋ ಎಣಿಸಿದ್ದರಿಂದ ದಂಡ ಬಿತ್ತು.

ಸೋಲಾಪುರ ನಮ್ಮಿಂದ ಸುಮಾರು ನೂರು ಕಿಲೋಮೀಟರ್. ಬಸ್ ಹತ್ತಿದರೆ ಎರಡು ಮೂರು ತಾಸು. ಮಹಾರಾಷ್ಟ್ರ 2021ರಲ್ಲಿ ತನ್ನ ನಗರ ಮರಗಳ ಕಾಯ್ದೆಗೆ ತಿದ್ದುಪಡಿ ತಂದು, 50 ವರ್ಷ ಮತ್ತು ಅದಕ್ಕಿಂತ ಹಳೆಯ ಮರಗಳನ್ನು ಪಾರಂಪರಿಕ ಮರ ಅಂತ ಕರೆಯಿತು. ಕಡಿಯಲೇಬೇಕಾದರೆ ಆ ಮರಕ್ಕೆ ಎಷ್ಟು ವರ್ಷ ವಯಸ್ಸೋ ಅಷ್ಟು ಸಸಿ ನೆಡಬೇಕು. ಗಡಿಯ ಆ ಕಡೆಯ ಅರವತ್ತು ವರ್ಷದ ಬೇವಿಗೆ ಇರುವ ಮರ್ಯಾದೆ ಈ ಕಡೆಯ ಬೇವಿಗೂ ಸಿಗಲಿ ಅಂತ ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು. ಇದು ಅವರಿಗೆ ನನ್ನ ಬೇರೆ ಮನವಿ.

ರಸ್ತೆ ಮತ್ತು ಮರ ಜೊತೆಗೆ ಇರಲು ಆಗುವುದಿಲ್ಲ ಅನ್ನುವವರು ನಮ್ಮ ಊರಿನ ಹೆಸರೇ ಹೊತ್ತ ರಸ್ತೆಯನ್ನು ನೋಡಬೇಕು. ಹೈದರಾಬಾದ್‌ನಿಂದ ಬಿಜಾಪುರ ರಸ್ತೆ ಅಂತ ಕರೆಯುವ ಹೆದ್ದಾರಿ ತೆಲಂಗಾಣದ ಚೇವೆಳ್ಳ ಮೂಲಕ ಹಾದು ಬರುತ್ತದೆ. ಅದರ ಎರಡೂ ಬದಿ ಸುಮಾರು 900 ಹಳೆಯ ಆಲದ ಮರಗಳು. ರಸ್ತೆ ಅಗಲ ಮಾಡುವಾಗ ಅವೆಲ್ಲ ಹೋಗಬೇಕಿತ್ತು. ಅಲ್ಲಿನ ಜನ ಒಂದೊಂದು ಆಲವನ್ನೂ ಎಣಿಸಿದರು, ಗುರುತು ಹಾಕಿದರು, ಹಸಿರು ನ್ಯಾಯಮಂಡಳಿಗೆ ಹೋದರು. ವರ್ಷಗಟ್ಟಲೆ ಹೋರಾಡಿದ ಮೇಲೆ ಬಹುಪಾಲು ಮರ ಉಳಿಯುವ ಹಾಗೆ ನಕ್ಷೆ ಬದಲಾಯಿತು. ಸಾಲುಮರದ ತಿಮ್ಮಕ್ಕನವರು ಹುಲಿಕಲ್ ಮತ್ತು ಕುದೂರಿನ ನಡುವೆ ಬೆಳೆಸಿದ ಆಲಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದಿಂದ ಕುತ್ತು ಬಂದಿತ್ತು. ಆ ಹಿರಿಯ ಜೀವ ತಾವೇ ಹೋಗಿ ಸರ್ಕಾರವನ್ನು ಬೇಡಿಕೊಂಡರು, ಸರ್ಕಾರ ಒಪ್ಪಿಕೊಂಡಿತು. ಇಡೀ ದೇಶಕ್ಕೆ ಗೊತ್ತಿದ್ದ ಮರಗಳಿಗೇ ಹಾಗಾದರೆ, ಹೆಸರಿಲ್ಲದ ಬಡಾವಣೆಯ ಹೆಸರಿಲ್ಲದ ಬೇವಿನ ಪರ ಬೇಡಿಕೊಳ್ಳುವವರು ಯಾರು? ಅದಕ್ಕೆ ಬೇಕಿರುವುದು ಒಂದು ರಿಜಿಸ್ಟರ್, ಒಂದು ನಂಬರ್.

ಉಳಿದ ಮರಗಳ ಬುಡದ ಬಗ್ಗೆ ಒಂದೇ ಮಾತು. ರಸ್ತೆ ಬದಿಗೆ ಪೇವರ್ ಹಾಕುವಾಗ ಕಾಂಡಕ್ಕೆ ತಾಗಿಸಿ ಸಿಮೆಂಟ್ ಬಿಗಿಯುತ್ತಾರೆ. ನೀರು ಇಳಿಯಲು ಜಾಗವೇ ಇರುವುದಿಲ್ಲ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ, ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ, ಬೋರ್ಡು, ತಂತಿ ಬಿಚ್ಚಿ ಅಂತ ಆದೇಶ ಮಾಡಿತ್ತು. ಇಲ್ಲಿನ ಗುತ್ತಿಗೆ ಕರಾರಿನಲ್ಲೂ ಆ ಒಂದು ಮೀಟರ್ ಬರೆಯಿರಿ.

ಇನ್ನು ನಮ್ಮ ಜನಕ್ಕೆ. ನಿಮ್ಮ ಓಣಿಯಲ್ಲಿ ಗರಗಸದ ಸದ್ದು ಕೇಳಿದರೆ ಹೊರಗೆ ಬನ್ನಿ. ಜಗಳ ಬೇಡ, ಕೂಲಿಗೆ ಬಂದ ಹುಡುಗರ ಮೇಲೆ ಕೂಗಾಡುವುದಂತೂ ಬೇಡವೇ ಬೇಡ. ಅನುಮತಿ ಪತ್ರ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಇಲ್ಲ ಅಂದರೆ ಫೋಟೊ ತೆಗೆದು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ಈ ಮರಕ್ಕೆ ಅನುಮತಿ ಇತ್ತಾ, ಬದಲಿಗೆ ಸಸಿ ಎಲ್ಲಿ ನೆಟ್ಟರು ಅಂತ ಕೇಳಿ. ವೃಕ್ಷ ಅಧಿಕಾರಿಯ ಆದೇಶ ಸರಿ ಇಲ್ಲ ಅನ್ನಿಸಿದರೆ ಅದರ ಮೇಲೆ ಮೇಲ್ಮನವಿಗೂ ಕಾಯ್ದೆಯಲ್ಲಿ ದಾರಿ ಇದೆ. ಕರೆಂಟ್ ತಂತಿಗೆ ಟೊಂಗೆ ತಾಗಿದರೆ ಆ ಟೊಂಗೆ ಕತ್ತರಿಸಿದರೆ ಸಾಕು. ಒಂದೇ ಪಕ್ಕ ಪೂರ್ತಿ ಬೋಳಿಸಿದರೆ ಮರ ಭಾರ ತಪ್ಪಿ ಮುಂದಿನ ಗಾಳಿಗೆ ಬೀಳುತ್ತದೆ, ಅದನ್ನು ಕೆಲಸಕ್ಕೆ ಬಂದವರಿಗೆ ಸಮಾಧಾನದಿಂದ ಹೇಳಿ. ಎಷ್ಟೋ ಮಂದಿ ಕೇಳುತ್ತಾರೆ.

ಮಾನ್ಯ ಅಧಿಕಾರಿಗಳೇ, ಗಣತಿ ಅಂದರೆ ಸಿಬ್ಬಂದಿ ಇಲ್ಲ, ಅನುದಾನ ಇಲ್ಲ ಅಂತ ನೀವು ಹೇಳಬಹುದು. ಅದಕ್ಕೆ ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ನಮ್ಮ ಬಡಾವಣೆಯ ಮರಗಳನ್ನು ನಾವೇ ಎಣಿಸುತ್ತೇವೆ. ಜಾತಿ, ಸುತ್ತಳತೆ, ಜಾಗ, ಫೋಟೊ, ಎಲ್ಲ ಬರೆದು ಕೊಡುತ್ತೇವೆ. ನಿವೃತ್ತ ಶಿಕ್ಷಕರು ಇದ್ದಾರೆ, ಕಾಲೇಜು ಹುಡುಗ ಹುಡುಗಿಯರು ಇದ್ದಾರೆ, ಮರದ ಹೆಸರು ಬಲ್ಲ ಅಜ್ಜಿಯರು ಇದ್ದಾರೆ. ಕೋಟಿ ವೃಕ್ಷಕ್ಕೆ ಸಸಿ ಹೊತ್ತ ಕೈಗಳೇ ಟೇಪು ಹಿಡಿಯಲಿ. ನಿಮ್ಮಿಂದ ಬೇಕಿರುವುದು ಒಂದು ಅಧಿಕೃತ ನಮೂನೆ, ನಾವು ಬರೆದದ್ದನ್ನು ಸ್ಥಳಕ್ಕೆ ಬಂದು ನೋಡಿ ಸಹಿ ಹಾಕುವ ಒಬ್ಬ ಅಧಿಕಾರಿ, ಮತ್ತು ಆ ರಿಜಿಸ್ಟರ್‌ಗೆ ಒಂದು ಸರ್ಕಾರಿ ನಂಬರ್. ಮುಂದಿನ ಮುಂಗಾರಿಗೆ ಮುಂಚೆ, ಯಾಕೆಂದರೆ ಮಳೆಗಾಲದ ಹೆಸರಿನಲ್ಲಿ ಟೊಂಗೆ ಕತ್ತರಿಸುವ ಕೆಲಸ ಶುರುವಾಗುವುದು ಆಗಲೇ, ಒಂದೇ ಒಂದು ಬಡಾವಣೆಯಲ್ಲಿ ಇದನ್ನು ಮಾಡಿ ನೋಡೋಣ. ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕು ಅಂತ ತಿಳಿಸಿ. ನಾವು ಬರುತ್ತೇವೆ.

ತಮ್ಮ ವಿಶ್ವಾಸಿ,
ಸೋಲಾಪುರ ರಸ್ತೆಯ ಬಡಾವಣೆಯೊಂದರ ನಿವಾಸಿ
ವಿಜಯಪುರ